ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ!

‘ಅಧಿಕಾರ ಪ್ರತ್ಯಾಯೋಜನೆ’ ಅಂತ ಸರ್ಕಾರಿ ಕನ್ನಡದಲ್ಲಿ ಒಂದು ಮಾತಿದೆ. ನಮ್ಮ ಅವ್ವಂದಿರ ಕಿವಿಗೆ ಬಿದ್ದರೆ ಯಾವುದೋ ಹೋಮದ ಹೆಸರಿರಬೇಕು ಅಂದುಕೊಂಡಾರು. ಅರ್ಥ ಇಷ್ಟೇ: ಜನ ಓಟು ಹಾಕಿ ಆರಿಸಿದ ಸಭೆ ತನ್ನ ಅಧಿಕಾರದ ಒಂದು ಪಾಲನ್ನು ನೌಕರನ ಕೈಗೆ ಕೊಟ್ಟು, ‘ನಮ್ಮ ಪರವಾಗಿ ನೀನು ಮಾಡು’ ಅನ್ನುವುದು. ಪಂಚಾಯ್ತಿಯಲ್ಲಾದರೆ ಪಿಡಿಓ. ಪುರಸಭೆಯಲ್ಲಿ ಮುಖ್ಯಾಧಿಕಾರಿ. ನಗರಸಭೆಯಲ್ಲಿ ಪೌರಾಯುಕ್ತ. ಮಹಾನಗರ ಪಾಲಿಕೆಯಲ್ಲಿ ಆಯುಕ್ತ. ಕಾನೂನಿನ ಪುಸ್ತಕದ ಪ್ರಕಾರ ಕೊಟ್ಟವರು ಯಜಮಾನರು, ಪಡೆದವನು ನೌಕರ. ಊರಿನಲ್ಲಿ ನೋಡಿದರೆ ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ!

ದೌರ್ಜನ್ಯ, ಬಹಿಷ್ಕಾರ, ಭೂಮಿ ಅಂತ ಇಷ್ಟೆಲ್ಲ ಬೆಂಕಿ ಹೊತ್ತಿರುವಾಗ ಕಚೇರಿಯ ಫೈಲಿನ ಮಾತು ಯಾಕೆ ಅಂತ ನೀವು ಕೇಳಬಹುದು. ಕೇಳಲೇಬೇಕು. ಕೇರಿಗೆ ನಲ್ಲಿ ಬರುವುದೋ ಬಾರದಿರುವುದೋ, ಹೆಣ ಹೂಳಲು ಮೂರು ಗುಂಟೆ ಸಿಗುವುದೋ ಸಿಗದೇ ಹೋಗುವುದೋ, ಬೀದಿಗೆ ದೀಪ, ಬಚ್ಚಲಿಗೆ ಮೋರಿ, ಓದುವ ಹುಡುಗರಿಗೆ ಸಹಾಯಧನ, ಎಲ್ಲವೂ ತೀರ್ಮಾನವಾಗುವುದು ಆ ಫೈಲಿನಲ್ಲೇ. ನಾವು ಬೀದಿಯಲ್ಲಿ ಘೋಷಣೆ ಕೂಗಿ ಗೆದ್ದದ್ದನ್ನು ಅವರು ಮೇಜಿನ ಮೇಲೆ ಸದ್ದಿಲ್ಲದೆ ಸೋಲಿಸುತ್ತಾರೆ. ಆ ಮೇಜಿನ ಲೆಕ್ಕ ನಮಗೆ ತಿಳಿಯಬೇಡವೇ?

ಮೊದಲು ಒಂದು ಮಾತು ಸ್ಪಷ್ಟವಾಗಲಿ. ಅಧಿಕಾರವನ್ನು ನೌಕರನಿಗೆ ಒಪ್ಪಿಸುವುದೇ ಪಾಪ ಅಂತ ನಾವು ಹೇಳುತ್ತಿಲ್ಲ. ಪೈಪು ಒಡೆದು ನೀರು ಮೋರಿಗೆ ಹರಿಯುತ್ತಿರುವಾಗ ಮುಂದಿನ ತಿಂಗಳ ಸಭೆ ಕೂತು ಠರಾವು ಮಾಡುವ ತನಕ ಕಾಯಲಾಗದು. ಜನನ ಮರಣದ ಪತ್ರಕ್ಕೆಲ್ಲ ಸದಸ್ಯರೇ ಸಹಿ ಹಾಕುತ್ತ ಕೂರಲಾಗದು. ಕೆಲಸ ಸಾಗಬೇಕಾದರೆ ಕೈ ಬೇಕು. ಆದರೆ ಹೀಗೆ ಒಪ್ಪಿಸುವುದಕ್ಕೆ ನಿಯಮಗಳಿವೆ. ಶಾಸನ ‘ಕೊಡಬಹುದು’ ಅಂದಿರಬೇಕು. ಏನನ್ನು ಕೊಟ್ಟೆವು, ಎಷ್ಟು ಕೊಟ್ಟೆವು ಅಂತ ಬರವಣಿಗೆಯಲ್ಲಿ ಇರಬೇಕು. ಪಡೆದವನು ಅದನ್ನು ತನ್ನಿಷ್ಟದಂತೆ ಇನ್ನೊಬ್ಬನಿಗೆ ದಾಟಿಸಬಾರದು. ಕೊಟ್ಟವರಿಗೆ ಲೆಕ್ಕ ಒಪ್ಪಿಸಬೇಕು. ಕೊಟ್ಟ ಸಭೆ ಬೇಕಾದಾಗ ಅದನ್ನು ವಾಪಸ್ಸು ಇಸ್ಕೊಳ್ಳಬಹುದು. ಇನ್ನು ಬಜೆಟ್ ಒಪ್ಪುವುದು, ತೆರಿಗೆ ಹಾಕುವುದು, ಬೈಲಾ ಮಾಡುವುದು ಸಭೆ ತಾನೇ ಕೂತು ಮಾಡಬೇಕಾದ ಕೆಲಸ. ಇಷ್ಟು ತಿಳಿಯಲು ವಕೀಲರಾಗಬೇಕಿಲ್ಲ. ಅಂಗಡಿಗೆ ದುಡ್ಡು ಕೊಟ್ಟು ಕಳಿಸಿದ ಮಗನನ್ನು ‘ಎಷ್ಟಾಯ್ತು, ಚಿಲ್ರೆ ಎಲ್ಲಿ’ ಅಂತ ಕೇಳುವ ನಮ್ಮವ್ವನಿಗೆ ಈ ಕಾನೂನು ಚೆನ್ನಾಗಿ ಗೊತ್ತು.

ಅಧಿಕಾರಿಯ ಕೈಲಿರುವ ಅಧಿಕಾರದಲ್ಲಿ ಮೂರು ಬಗೆ. ಒಂದು, ಶಾಸನವೇ ನೇರವಾಗಿ ಅವನಿಗೆ ಕೊಟ್ಟದ್ದು. ಎರಡು, ಸಭೆ ಠರಾವು ಮಾಡಿ ಕೊಟ್ಟದ್ದು. ಮೂರು, ಯಾರೂ ಕೊಡದೆ ತಾನಾಗಿ ಜಾರಿ ಹೋದದ್ದು. ಸದಸ್ಯ ಕೇಳಲಿಲ್ಲ, ಅಧ್ಯಕ್ಷೆ ಓದಲಿಲ್ಲ, ಸಭೆ ಕೂರಲಿಲ್ಲ; ಅಷ್ಟರಲ್ಲಿ ಅಧಿಕಾರ ಕುರ್ಚಿ ಬದಲಾಯಿಸಿತ್ತು. ನಮ್ಮ ಜಗಳ ಈ ಮೂರನೆಯದರ ಜೊತೆ.

ಈ ಜಾರುವಿಕೆ ಇವತ್ತಿನದಲ್ಲ. ಹಿಂದೆ ನಮ್ಮ ಹಳ್ಳಿಗಳಲ್ಲಿ ದೊರೆಯ ಅಧಿಕಾರ ಪಟೇಲನಿಗೂ ಶಾನುಭೋಗನಿಗೂ ಹಂಚಿಕೆಯಾಗಿತ್ತು, ಅದೂ ವಂಶಪಾರಂಪರ್ಯವಾಗಿ. ಒಬ್ಬನ ಕೈಲಿ ಕೋಲು, ಇನ್ನೊಬ್ಬನ ಕೈಲಿ ಲೇಖನಿ. ನಮ್ಮವರಿಗೂ ಆ ಏಣಿಯಲ್ಲಿ ಒಂದು ಮೆಟ್ಟಿಲು ಕೊಟ್ಟಿದ್ದರು ಸ್ವಾಮಿ, ಕಟ್ಟಕಡೆಯದು: ತೋಟಿ, ತಳವಾರ. ಓಡಾಡುವುದು, ಟಾಂ ಟಾಂ ಹೊಡೆಯುವುದು, ಸತ್ತ ದನ ಎಳೆಯುವುದು. 1961ರ ಗ್ರಾಮಾಧಿಕಾರ ರದ್ದತಿ ಕಾಯ್ದೆ 1963ರ ಫೆಬ್ರವರಿ 1ರಿಂದ ಜಾರಿಗೆ ಬಂದು ಈ ವಂಶಪಾರಂಪರ್ಯ ಹುದ್ದೆಗಳು ಕಾಗದದ ಮೇಲೆ ಸತ್ತವು. ಶಾನುಭೋಗ ಹೋದ. ಅವನ ಲೇಖನಿ ಹೋಯಿತೇ? ಗೆರೆ ಎಳೆದರೆ ಹೊಲ ಹೋಯ್ತು, ಚುಕ್ಕೆ ಇಟ್ಟರೆ ಮನೆ ಹೋಯ್ತು ಅನ್ನುತ್ತಿದ್ದ ಆ ಲೇಖನಿ ಇವತ್ತು ಹಸಿರು ಶಾಯಿ ತುಂಬಿಕೊಂಡು ಕಚೇರಿಯ ಮೇಜಿನ ಮೇಲೆ ಮಲಗಿದೆ.

ಈ ಲೇಖನಿಯನ್ನು ಜನರ ಕೈಗೆ ಕೊಡುವ ಒಂದು ಪ್ರಯತ್ನ ನಮ್ಮ ರಾಜ್ಯದಲ್ಲೇ ನಡೆದಿತ್ತು. ರಾಮಕೃಷ್ಣ ಹೆಗಡೆ ಸರ್ಕಾರದಲ್ಲಿ ಅಬ್ದುಲ್ ನಜೀರ್ ಸಾಬ್ ಮುಂದೆ ನಿಂತು 1983ರ ಕಾಯ್ದೆ ತಂದರು. 1987ರ ಜನವರಿಯಲ್ಲಿ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿಗಳಿಗೆ ಚುನಾವಣೆ ಆಯಿತು. ಜಿಲ್ಲಾ ಪರಿಷತ್ ಅಧ್ಯಕ್ಷನಿಗೆ ರಾಜ್ಯ ಸಚಿವನ ದರ್ಜೆ. ಅವನ ಕೆಳಗೆ ಮುಖ್ಯ ಕಾರ್ಯದರ್ಶಿಯಾಗಿ ಐ.ಎ.ಎಸ್. ಅಧಿಕಾರಿ. ಓಟಿನಿಂದ ಬಂದವನ ಮುಂದೆ ದೊಡ್ಡ ಸಾಹೇಬ ಫೈಲು ಹಿಡಿದು ನಿಲ್ಲಬೇಕಾದ ಕಾಲ ಬಂದಿತ್ತು! ಎಷ್ಟು ದಿನ? 1992ರ ಜನವರಿಗೆ ಅವಧಿ ಮುಗಿಯಿತು. ಚುನಾವಣೆ ಮಾಡಲಿಲ್ಲ. ಆಡಳಿತಾಧಿಕಾರಿಗಳು ಬಂದು ಕೂತರು.

ಇಂಥ ಆಟ ನಿಲ್ಲಲಿ ಅಂತಲೇ ಸಂವಿಧಾನಕ್ಕೆ 73 ಮತ್ತು 74ನೇ ತಿದ್ದುಪಡಿ ಬಂದದ್ದು. 1993ರ ಏಪ್ರಿಲ್ 24ರಿಂದ ಪಂಚಾಯಿತಿಗಳಿಗೆ, ಜೂನ್ 1ರಿಂದ ನಗರ ಸಭೆಗಳಿಗೆ ಜಾರಿ. ಐದು ವರ್ಷ ಮುಗಿಯುವ ಮುಂಚೆಯೇ ಚುನಾವಣೆ ಮುಗಿಸಬೇಕು. ಸಭೆಯನ್ನು ವಿಸರ್ಜಿಸಿದರೆ ಆರು ತಿಂಗಳೊಳಗೆ ಮತ್ತೆ ಚುನಾವಣೆ. ಪರಿಶಿಷ್ಟ ಜಾತಿ, ವರ್ಗಕ್ಕೆ ಜನಸಂಖ್ಯೆಯಷ್ಟು ಸ್ಥಾನ. ಹೆಂಗಸರಿಗೆ ಮೂರರಲ್ಲಿ ಒಂದಕ್ಕೆ ಕಡಿಮೆಯಿಲ್ಲದಂತೆ. ಹನ್ನೆರಡನೇ ಅನುಸೂಚಿಯಲ್ಲಿ ನಗರ ಸಭೆಗಳಿಗೆ ವಹಿಸಬಹುದಾದ 18 ಕೆಲಸಗಳ ಪಟ್ಟಿ. ಅದರಲ್ಲಿ ಕೊಳೆಗೇರಿ ಸುಧಾರಣೆ ಇದೆ, ಸ್ಮಶಾನ ಇದೆ, ದುರ್ಬಲ ವರ್ಗದವರ ಹಿತ ಕಾಯುವುದೂ ಇದೆ.

ಅಂದರೆ ನಮ್ಮವರು ಬಾಗಿಲು ದಾಟಿ ಒಳಗೆ ಬಂದರು. ಅಷ್ಟರಲ್ಲಿ ಒಳಗಿದ್ದ ಅಧಿಕಾರ ಹಿತ್ತಿಲ ಬಾಗಿಲಿನಿಂದ ಹೊರಟಿತು. ಇದು ಕಾಕತಾಳೀಯ ಅಂತ ಯಾರಾದರೂ ಹೇಳಿದರೆ ನಾವು ನಂಬುವವರಲ್ಲ.

ಹೇಗೆ ಹೊರಡುತ್ತದೆ ನೋಡಿ. ಮೀಸಲು ಸ್ಥಾನದಲ್ಲಿ ನಮ್ಮ ಒಬ್ಬ ಅವ್ವ ಅಧ್ಯಕ್ಷೆಯಾಗುತ್ತಾಳೆ. ವೇದಿಕೆಯ ಮೇಲೆ ‘ಮಾನ್ಯ ಅಧ್ಯಕ್ಷರೇ’. ಕಚೇರಿಯೊಳಗೆ ‘ಏನಮ್ಮಾ, ಇಲ್ಲೊಂದು ಸೈನ್ ಹಾಕು, ಅರ್ಜೆಂಟಿದೆ’. ಗ್ರಾಮ ಪಂಚಾಯ್ತಿಯ ಬ್ಯಾಂಕ್ ಖಾತೆಗೆ ಅಧ್ಯಕ್ಷರದೂ ಪಿಡಿಓದೂ ಜಂಟಿ ಸಹಿ ಬೇಕು ಅಂತ ನಿಯಮ. ನಿಯಮ ಒಳ್ಳೆಯದೇ. ಆದರೆ ಎರಡು ಸಹಿಗಳಲ್ಲಿ ಒಂದು ಓದಿ ಹಾಕಿದ್ದು, ಇನ್ನೊಂದು ಓದಲು ಬಿಡದೆ ಹಾಕಿಸಿಕೊಂಡದ್ದು ಆದರೆ ಅದು ಜಂಟಿ ಹೇಗಾಯಿತು? ಫೈಲಿನ ಭಾಷೆ ಅವಳದಲ್ಲ. ಹಿಂದೆ ನಿಂತು ಪಿಸುಗುಟ್ಟುವ ಊರ ಗೌಡನ ಕಡೆಯ ಸದಸ್ಯ ಅವಳವನಲ್ಲ. ಪ್ರಶ್ನೆ ಕೇಳಿದರೆ ಅವಿಶ್ವಾಸ ನಿರ್ಣಯ. ಕೇಳದಿದ್ದರೆ ‘ಮೀಸಲಾತಿಯಿಂದ ಬಂದೋರಿಗೆ ಏನು ಗೊತ್ತಾಗುತ್ತೆ’ ಅಂತ ನಗು. ಎರಡೂ ಕಡೆ ಹರಿತ ಇರುವ ಕತ್ತಿ ಇದು.

ಆ ಕುರ್ಚಿಗೆ ನಮ್ಮವರು ಎಂಥ ಬೆಲೆ ಕೊಟ್ಟಿದ್ದಾರೆ ಅಂತ ನೆನಪಿರಲಿ. ಪಕ್ಕದ ತಮಿಳುನಾಡಿನ ಮಧುರೈ ಜಿಲ್ಲೆಯ ಮೇಲವಳವಿನಲ್ಲಿ ಪಂಚಾಯತಿ ಅಧ್ಯಕ್ಷ ಸ್ಥಾನ ಪರಿಶಿಷ್ಟರಿಗೆ ಮೀಸಲಾಯಿತು. ಮುರುಗೇಶನ್ ಗೆದ್ದರು. 1997ರ ಜೂನ್ 30ರಂದು ಅವರನ್ನೂ ಇನ್ನೂ ಐವರನ್ನೂ ಕೊಚ್ಚಿ ಹಾಕಿದರು. ಕುರ್ಚಿಗೆ ಶಕ್ತಿಯೇ ಇಲ್ಲದಿದ್ದರೆ ಜಾತಿವಾದಿಗಳು ಅದಕ್ಕಾಗಿ ಕೊಲೆ ಮಾಡುತ್ತಿರಲಿಲ್ಲ. ಅವರಿಗೆ ಗೊತ್ತು ಅದರ ಬೆಲೆ. ನಮಗೆ ಗೊತ್ತಾಗಬೇಕು. ರಕ್ತ ಕೊಟ್ಟು ಪಡೆದ ಕುರ್ಚಿಯ ಅಧಿಕಾರವನ್ನು ಒಂದು ಅರ್ಜೆಂಟು ಸಹಿಯಲ್ಲಿ ಕಳೆದುಕೊಳ್ಳುವುದು ಸತ್ತವರಿಗೆ ಬಗೆಯುವ ದ್ರೋಹ.

ಇನ್ನೂ ದೊಡ್ಡ ಆಟವೊಂದಿದೆ. ಅಲ್ಲಿ ಸಹಿಯ ಕಾಟವೂ ಬೇಡ. ಸಭೆಯನ್ನೇ ಇಲ್ಲವಾಗಿಸಿದರೆ ಮುಗಿಯಿತು! ಚುನಾವಣೆ ನಡೆಯದ ಕಾಲದಲ್ಲಿ ಆಡಳಿತಾಧಿಕಾರಿ ಬರುತ್ತಾನೆ. ಸಭೆಯ ಅಷ್ಟೂ ಅಧಿಕಾರ ಒಬ್ಬನ ಕೈಗೆ. ಠರಾವು ಬರೆಯುವವನೂ ಅವನೇ, ಒಪ್ಪುವವನೂ ಅವನೇ, ಜಾರಿ ಮಾಡುವವನೂ ಅವನೇ. ಬೆಂಗಳೂರು ಮಹಾನಗರ ಪಾಲಿಕೆಯ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿಯಿತು. ಇನ್ನೊಂದು ಚುನಾವಣೆ ಕಾಣದೆಯೇ ಅದು 2025ರಲ್ಲಿ ಐದು ಪಾಲಿಕೆಗಳಾಗಿ ಒಡೆಯಿತು. ಜಿಲ್ಲಾ ಮತ್ತು ತಾಲ್ಲೂಕು ಪಂಚಾಯತಿಗಳ ಅವಧಿ 2021ರಲ್ಲಿ ಮುಗಿಯಿತು. ನಾಲ್ಕು ವರ್ಷ ಉರುಳಿದರೂ ಚುನಾವಣೆ ಆಗಲಿಲ್ಲ. 2018ರಲ್ಲಿ ಗೆದ್ದ ಎಷ್ಟೋ ಪುರಸಭೆ, ನಗರಸಭೆಗಳ ಸದಸ್ಯರು, ಅಧ್ಯಕ್ಷ ಸ್ಥಾನದ ಮೀಸಲಾತಿ ಪಟ್ಟಿ ಕೋರ್ಟಿಗೆ ಹೋದ ಕಾರಣ, ಸುಮಾರು ಎರಡು ವರ್ಷ ಹೆಸರಿಗೆ ಮಾತ್ರ ಸದಸ್ಯರಾಗಿದ್ದರು. ಅಧ್ಯಕ್ಷರ ಕುರ್ಚಿ ಯಾವ ಜಾತಿಗೆ ಅನ್ನುವ ಜಗಳ ಮುಗಿಯುವ ತನಕ ಕುರ್ಚಿಯಲ್ಲಿ ಸಾಹೇಬ! ಚುನಾವಣೆ ತಡ ಮಾಡಕೂಡದು ಅಂತ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2006ರಲ್ಲೇ, ಅಹಮದಾಬಾದ್ ಪಾಲಿಕೆಯ ಮೊಕದ್ದಮೆಯಲ್ಲಿ, ಹೇಳಿಯಾಗಿದೆ. ಕೇಳುವವರು ಯಾರು?

ಇದನ್ನು ಅಧಿಕಾರ ಒಪ್ಪಿಸುವುದು ಅಂತ ಕರೆಯಲಾಗದು. ಒಪ್ಪಿಸಬೇಕಾದರೆ ಕೊಡುವವರು ಇರಬೇಕು. ಕೊಡುವವರನ್ನು ಮನೆಗೆ ಕಳಿಸಿ ಇಸ್ಕೊಂಡೆ ಅನ್ನುವುದಕ್ಕೆ ನಮ್ಮ ಕೇರಿಯಲ್ಲಿ ಬೇರೆ ಹೆಸರಿದೆ.

ಈ ಶೂನ್ಯ ಕಾಲದಲ್ಲಿ ನಷ್ಟ ಯಾರಿಗೆ? ಸಾಹುಕಾರನಿಗೆ ಸದಸ್ಯ ಬೇಕಿಲ್ಲ. ಅವನು ಫೋನು ಮಾಡಿದರೆ ಸಾಹೇಬ ಎತ್ತುತ್ತಾನೆ. ಕಂಟ್ರಾಕ್ಟರನಿಗೆ ಸದಸ್ಯ ಬೇಕಿಲ್ಲ. ಅವನಿಗೆ ನೇರ ದಾರಿ ಇದೆ. ಸದಸ್ಯ ಬೇಕಿರುವುದು ಸಾಹೇಬನ ಬಾಗಿಲಲ್ಲಿ ಜವಾನ ತಡೆಯುವ ನಮ್ಮಂಥವರಿಗೆ. ನಗರ ಸಂಸ್ಥೆಗಳ ಹಣದಲ್ಲಿ ಪರಿಶಿಷ್ಟರಿಗೆ ಶೇಕಡಾ 24.10 ತೆಗೆದಿಡಬೇಕು ಅಂತ ಆದೇಶವಿದೆ. ಆ ಹಣ ಕೇರಿಯ ಬೀದಿಗೆ ಬಂತೋ, ಕೇರಿಯ ಹೆಸರು ಹೇಳಿಕೊಂಡು ಬಡಾವಣೆಯ ರಸ್ತೆಗೆ ಹೋಯಿತೋ ಅಂತ ಸಭೆಯಲ್ಲಿ ಎದ್ದು ನಿಂತು ಕೇಳುವವರು ಬೇಡವೇ? ದೇವರು ಕೊಟ್ಟರೂ ಪೂಜಾರಿ ಕೊಡ ಅಂತಾರೆ. ನಮ್ಮನ್ನು ಆ ದೇವಸ್ಥಾನಕ್ಕಂತೂ ಬಿಡಲಿಲ್ಲ. ಈಗ ಸಂವಿಧಾನ ಕೊಟ್ಟದ್ದನ್ನು ಕೊಡದ ಪೂಜಾರಿಗಳು ಕಚೇರಿಯಲ್ಲೂ ಹುಟ್ಟಿಕೊಂಡಿದ್ದಾರೆ.

ಹಾಗಾದರೆ ‘ನೌಕರ’ ಅಂದರೆ ಯಾರು? ಇದನ್ನೂ ಬಿಡಿಸಿ ನೋಡಬೇಕು. ಸಭೆಯ ಅಧಿಕಾರ ಪಡೆದ ಮುಖ್ಯಾಧಿಕಾರಿಯಾಗಲಿ, ಪಿಡಿಓ ಆಗಲಿ ಆ ಸಭೆ ನೇಮಿಸಿದ ನೌಕರನಲ್ಲ. ನೇಮಕ ಸರ್ಕಾರದ್ದು, ವರ್ಗಾವಣೆ ಸರ್ಕಾರದ್ದು. ಅವನ ಕಣ್ಣು ಇರುವುದು ಬೆಂಗಳೂರಿನ ಮೇಲೆ, ಊರಿನ ಸಭೆಯ ಮೇಲಲ್ಲ. ಸಭೆಯ ಕೆಲಸವನ್ನು ನಿಜವಾಗಿ ಮೈಮೇಲೆ ಹೊತ್ತವರು ಬೇರೆ ಇದ್ದಾರೆ: ನೀರುಗಂಟಿ, ಕರವಸೂಲಿಗಾರ, ಕಸ ಬಳಿಯುವ ಪೌರಕಾರ್ಮಿಕ. ಅಧಿಕಾರ ಹಂಚುವಾಗ ಇವರ ನೆನಪು ಯಾರಿಗೂ ಬರುವುದಿಲ್ಲ. ಅಧಿಕಾರ ಮೇಲಿನ ಕುರ್ಚಿಗೆ ಹೋಗುತ್ತದೆ, ಹೇಲು ಕೆಳಗಿನ ಕೈಗೆ ಬರುತ್ತದೆ. ಇದು ಯಾವ ಕಾಯ್ದೆಯ ಯಾವ ಕಲಮಿನಲ್ಲಿದೆ? ಮನುವಿನ ಕಾಯ್ದೆಯಲ್ಲಿದೆ.

ನಮ್ಮ ಬಸವಲಿಂಗಪ್ಪನವರು ದೇವರಾಜ ಅರಸರ ಸಂಪುಟದಲ್ಲಿ ಮಂತ್ರಿಯಾಗಿದ್ದಾಗ, 1970ರ ದಶಕದಲ್ಲಿ, ತಲೆಯ ಮೇಲೆ ಮಲ ಹೊರುವುದನ್ನು ನಿಷೇಧಿಸಿದರು. ಆದೇಶ ಹೊರಟಿತು. ಹೊರಟ ಆದೇಶ ಊರೂರು ತಲುಪಿತೇ? ತಲುಪಿದ್ದರೆ ದೇಶ 1993ರಲ್ಲಿ ಒಂದು ಕಾಯ್ದೆ, 2013ರಲ್ಲಿ ಇನ್ನೊಂದು ಕಾಯ್ದೆ ಮಾಡಬೇಕಾದ ಗತಿ ಬರುತ್ತಿರಲಿಲ್ಲ. 2010ರ ಜುಲೈನಲ್ಲಿ ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ಭಂಗಿ ಸಮುದಾಯದ ನಮ್ಮ ಬಂಧುಗಳು, ತಮ್ಮನ್ನು ವಾಸದ ಜಾಗದಿಂದ ಒಕ್ಕಲೆಬ್ಬಿಸುವುದರ ವಿರುದ್ಧ, ಪುರಸಭೆಯ ಮುಂದೆ ಮೈಮೇಲೆ ಮಲ ಸುರಿದುಕೊಂಡು ನಿಂತರು. ಬಾಯಿಯ ಮಾತು ಕೇಳದ ಕಚೇರಿಗೆ ಅವರು ಮೈಯಿಂದಲೇ ಅರ್ಜಿ ಬರೆದರು. ಊರಿನ ಮಲವನ್ನು ತಲೆತಲಾಂತರ ಹೊತ್ತವರಿಗೆ ಊರಿನ ಸಭೆಯಲ್ಲಿ ಒಂದು ಮಾತು ಇರಲಿಲ್ಲ ಅನ್ನುವುದಕ್ಕೆ ಇನ್ನೇನು ಸಾಕ್ಷಿ ಬೇಕು?

ಇಲ್ಲಿ ಕೆಲವು ಗೆಳೆಯರು ಒಂದು ಮಾತು ಎತ್ತುತ್ತಾರೆ. ‘ನೀವು ಹೇಳುವ ಸಭೆ ಅಂದರೆ ಯಾವುದು? ಗೌಡರ, ಸಾಹುಕಾರರ ಕೂಟ ತಾನೇ? ಅದಕ್ಕಿಂತ ಪರೀಕ್ಷೆ ಪಾಸಾಗಿ ಬಂದ ಅಧಿಕಾರಿಯೇ ವಾಸಿ. ಅವನಲ್ಲಿ ನಮ್ಮವರೂ ಇದ್ದಾರೆ. ಎಷ್ಟೋ ಸಲ ಊರಿನವರು ಬೇಡ ಅಂದದ್ದನ್ನು ಅಧಿಕಾರಿಯೇ ಮಾಡಿಸಿಕೊಟ್ಟಿದ್ದಾನೆ.’ ಈ ಮಾತನ್ನು ನಾವು ತಳ್ಳಿಹಾಕುವುದಿಲ್ಲ. ಹಳ್ಳಿಯ ಬಗ್ಗೆ ಬಾಬಾಸಾಹೇಬರಿಗೆ ಭ್ರಮೆ ಇರಲಿಲ್ಲ. 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಹಳ್ಳಿಯ ಅಜ್ಞಾನವನ್ನೂ ಸಂಕುಚಿತ ಬುದ್ಧಿಯನ್ನೂ ಅವರು ಬಯಲು ಮಾಡಿದರು. ಊರಿನ ಬಹುಮತ ಅಂದರೆ ಮೇಲ್ಜಾತಿಯ ಬಹುಮತ ಅನ್ನುವ ಭಯ ನಮಗೆ ಹೊಸದಲ್ಲ.

ಆದರೆ ಮಹಾಡ್ ನೆನಪಿದೆಯೇ? 1923ರಲ್ಲಿ ಮುಂಬಯಿ ಶಾಸನ ಪರಿಷತ್ತು ಸಾರ್ವಜನಿಕ ಕೆರೆ ಬಾವಿಗಳು ಅಸ್ಪೃಶ್ಯರಿಗೂ ತೆರೆದಿರಬೇಕು ಅಂತ ನಿರ್ಣಯ ಮಾಡಿತು. ಅದರಂತೆ 1924ರಲ್ಲಿ ಮಹಾಡ್ ಪುರಸಭೆ ಚವದಾರ್ ಕೆರೆಯನ್ನು ತೆರೆಯಲು ಠರಾವು ಮಾಡಿತು. ಠರಾವು ಪುಸ್ತಕದಲ್ಲಿ ಉಳಿಯಿತು. ಮೂರು ವರ್ಷ ನಮ್ಮವರ ಕೈಗೆ ಒಂದು ಬೊಗಸೆ ನೀರು ಬರಲಿಲ್ಲ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಸಾವಿರಾರು ಜನರೊಡನೆ ನಡೆದು ಹೋಗಿ ಆ ನೀರು ಮುಟ್ಟಿದರು. ಪುರಸಭೆ ಏನು ಮಾಡಿತು? ಅದೇ ಆಗಸ್ಟಿನಲ್ಲಿ ತನ್ನ ಹಳೆಯ ಠರಾವನ್ನೇ ರದ್ದು ಮಾಡಿತು! ಕೊನೆಗೆ 1937ರಲ್ಲಿ ಮುಂಬಯಿ ಹೈಕೋರ್ಟಿನಲ್ಲಿ ನಮ್ಮವರು ಗೆದ್ದರು.

ಈ ಕಥೆ ಎರಡು ಪಾಠ ಹೇಳುತ್ತದೆ. ಜಾರಿ ಮಾಡುವ ಕೈ ಅಲ್ಲಾಡದಿದ್ದರೆ ಸಭೆಯ ಒಳ್ಳೆಯ ಠರಾವೂ ಹರಿದ ಕಾಗದ. ಸಭೆಯ ಬಹುಮತಕ್ಕೆ ಲಗಾಮಿಲ್ಲದಿದ್ದರೆ ಕೊಟ್ಟ ಹಕ್ಕನ್ನೂ ಅದು ಕಿತ್ತುಕೊಳ್ಳುತ್ತದೆ. ಆದ್ದರಿಂದ ಗೌಡನ ಸಭೆ ಮೇಲೋ ಸಾಹೇಬನ ಮೇಜು ಮೇಲೋ ಅನ್ನುವ ಪ್ರಶ್ನೆಯೇ ನಮಗೆ ಹಾಕಿದ ಬಲೆ. ಕೇರಿಯ ನೀರು, ಸ್ಮಶಾನ, ಶೇಕಡಾ 24.10 ನಮ್ಮ ಹಕ್ಕು. ಅದನ್ನು ಕೊಡುವ ಬಿಡುವ ವಿವೇಚನೆ ಸಭೆಗೂ ಇರಕೂಡದು, ಸಾಹೇಬನಿಗೂ ಇರಕೂಡದು. ಉಳಿದ ಅಧಿಕಾರವನ್ನು ಯಾರೇ ನಡೆಸಲಿ, ಬರೆದು ಕೊಟ್ಟ ಕಾಗದ ತೋರಿಸಿ ನಡೆಸಲಿ, ಬಹಿರಂಗವಾಗಿ ಲೆಕ್ಕ ಒಪ್ಪಿಸಲಿ. ಒಳ್ಳೆಯ ಅಧಿಕಾರಿಯೊಬ್ಬ ಬಂದ ಅಂತ ನಂಬಿ ಕೂತರೆ ಅವನ ವರ್ಗಾವಣೆಯ ದಿನ ನಾವು ಮತ್ತೆ ಅನಾಥರು. ಕರುಣೆ ಲಾರಿ ಹತ್ತಿ ಹೊರಟು ಹೋಗುತ್ತದೆ. ಹಕ್ಕು ಹೋಗುವುದಿಲ್ಲ.

ಹಾಸ್ಟೆಲಿನ ಗೆಳೆಯರೇ, ಈಗ ಕೆಲಸದ ಮಾತು. ನಮ್ಮ ಅಪ್ಪ ಅವ್ವ ಓದಲಾರದ ಫೈಲನ್ನು ನಾವು ಓದಬಲ್ಲೆವು. ಓದಿದ್ದೇ ಅದಕ್ಕೆ.

ಒಂದು: ರಜಕ್ಕೆ ಊರಿಗೆ ಹೋದಾಗ ನಿಮ್ಮ ಪಂಚಾಯ್ತಿ, ಪುರಸಭೆಯ ನಡಾವಳಿ ಪುಸ್ತಕ ಕೇಳಿ. ಯಾವ ಅಧಿಕಾರವನ್ನು ಯಾವ ಠರಾವಿನಿಂದ ಯಾವ ನೌಕರನಿಗೆ ಕೊಟ್ಟಿದ್ದಾರೆ, ನಕಲು ಕೊಡಿ ಅನ್ನಿ. ತೋರಿಸದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಲ್ಲಿ ಅರ್ಜಿ ಹಾಕಿ. ಹತ್ತು ರೂಪಾಯಿ, ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. ಮೂವತ್ತು ದಿನದಲ್ಲಿ ಉತ್ತರ ಕೊಡಬೇಕು. ಠರಾವೇ ಇಲ್ಲ, ಶಾಸನದಲ್ಲೂ ಇಲ್ಲ ಅಂದರೆ ಆ ಅಧಿಕಾರ ಕದ್ದ ಮಾಲು.

ಎರಡು: ಶೇಕಡಾ 24.10ರ ಕ್ರಿಯಾ ಯೋಜನೆಯ ನಕಲು ತಂದು ಕೇರಿಯ ಕಟ್ಟೆಯ ಮೇಲೆ ಗಟ್ಟಿಯಾಗಿ ಓದಿ. ಕಾಗದದ ಚರಂಡಿ ನೆಲದ ಮೇಲೆ ಇದೆಯೋ ಇಲ್ಲವೋ ಜನವೇ ಹೇಳುತ್ತಾರೆ.

ಮೂರು: ಮೀಸಲು ಸ್ಥಾನದಲ್ಲಿ ಗೆದ್ದ ನಮ್ಮ ಅಕ್ಕ, ಅಣ್ಣ, ದೊಡ್ಡವ್ವಂದಿರನ್ನು ಗೇಲಿ ಮಾಡಬೇಡಿ. ಸಭೆಯ ಹಿಂದಿನ ರಾತ್ರಿ ಅವರ ಜೊತೆ ಕೂತು ಕಾರ್ಯಸೂಚಿ ಓದಿ ಹೇಳಿ. ‘ನಾಳೆ ಓದಿ ಸಹಿ ಹಾಕ್ತೀನಿ’ ಅನ್ನುವ ಒಂದೇ ಮಾತು ಕಲಿಸಿ. ಆ ಒಂದು ಮಾತಿಗೆ ಎಷ್ಟು ಕುರ್ಚಿ ಅಲ್ಲಾಡುತ್ತವೆ ನೋಡುವಿರಂತೆ.

ನಾಲ್ಕು: ಅವಧಿ ಮುಗಿದ ಸಭೆಗಳಿಗೆ ಚುನಾವಣೆ ಬೇಕು ಅನ್ನುವುದು ನಮ್ಮ ಬೇಡಿಕೆ. ಪಕ್ಷದವರಿಗೆ ಟಿಕೆಟ್ಟಿನ ಚಿಂತೆ ಇರಬಹುದು, ನಮಗೆ ನಲ್ಲಿಯ ಚಿಂತೆ. ಪ್ರತಿ ತಾಲ್ಲೂಕು ಕೇಂದ್ರದಲ್ಲೂ ಈ ಕೂಗು ಏಳಬೇಕು.

ಐದು: ಪೌರಕಾರ್ಮಿಕರ ಸಂಘ ಬೇರೆ, ವಿದ್ಯಾರ್ಥಿಗಳ ಸಂಘ ಬೇರೆ ಅಂತ ದೂರ ನಿಲ್ಲಬೇಡಿ. ಸಭೆಯ ಕೆಲಸ ಹೊತ್ತವರಿಗೆ ಸಭೆಯಲ್ಲಿ ಬಾಯಿ ಬೇಕು. ಅವರು ಧರಣಿ ಕೂತ ದಿನ ಹಾಸ್ಟೆಲು ಖಾಲಿಯಾಗಬೇಕು.

ನಾಳೆ ನಮ್ಮಲ್ಲೇ ಕೆಲವರು ಪರೀಕ್ಷೆ ಬರೆದು ಅದೇ ಕುರ್ಚಿಯಲ್ಲಿ ಕೂರುತ್ತೀರಿ. ಕೂರಿ, ಅದು ನಮ್ಮ ಪಾಲು. ಆದರೆ ಹಸಿರು ಶಾಯಿಯ ಪೆನ್ನು ಕೈಗೆ ಬಂದ ದಿನ ಅದು ಸಾಲದ ಪೆನ್ನು ಅನ್ನುವುದು ನೆನಪಿರಲಿ. ಸಾಲ ಕೊಟ್ಟವಳು ನಿಮ್ಮ ಬಾಗಿಲಲ್ಲಿ ಅರ್ಜಿ ಹಿಡಿದು ನಿಂತಿರುತ್ತಾಳೆ. ಒಳಗೆ ಕರೆದು ಕುರ್ಚಿ ಹಾಕಿ.

ಕೊಟ್ಟೋರು ಇನ್ನು ಕೋಡಂಗಿಗಳಾಗಿ ಉಳಿಯುವುದಿಲ್ಲ. ಲೆಕ್ಕ ಕೇಳುತ್ತೇವೆ.

ಜೈ ಭೀಮ್!